ಓನರ್ ಫೋಟೋ ಬೇಕು ಮೇಡಂ

ಪೀಣ್ಯದ ಫ್ಯಾಕ್ಟರಿ ಶೆಡ್ಡುಗಳಲ್ಲಿ ಫೋನೆತ್ತಿದ ಹೆಂಗಸು ಓನರ್ ಆಗಿರಬಹುದು ಅಂತ ಯಾರಿಗೂ ಕನಸಿನಲ್ಲೂ ಹೊಳೆಯುವುದಿಲ್ಲ. ನಾನು "ಹಲೋ" ಅನ್ನುವಷ್ಟರಲ್ಲಿ ಆ ಕಡೆಯಿಂದ "ಸಾರ್‌ಗೆ ಕೊಡಮ್ಮಾ" ಅಂತ ಬಂದೇ ಬರುತ್ತಿತ್ತು. ಮೊದಮೊದಲು ಮೈಯೆಲ್ಲ ಉರಿಯುತ್ತಿತ್ತು. ಆಮೇಲೆ ಆ ಮಾತನ್ನೇ ಹಿಡಿದುಕೊಂಡು ಸಂಸಾರ ಸಾಗಿಸಬೇಕಾಗಿ ಬಂದಾಗ ಉರಿಯುವುದಕ್ಕೂ ಪುರುಸೊತ್ತು ಇಲ್ಲದಂತಾಯಿತು.

ನಮ್ಮದು ಸಣ್ಣ ಶೆಡ್ಡು. ಕೆಳಗೆ ಕಬ್ಬಿಣ ಕಡೆಯುವ ಎರಡು ಲೇತು, ಒಂದು ಡ್ರಿಲ್ಲಿಂಗ್ ಮಷೀನು, ಬಾಗಿಲ ಪಕ್ಕ ನನ್ನ ಮೇಜು, ಮೇಜಿನ ಮೇಲೆ ಫೋನು. ಮೇಲೆ ಶೀಟು ಹೊದಿಸಿದ ಎರಡು ಕೋಣೆ, ಅದೇ ಮನೆ. ಮನೆಗೂ ಶೆಡ್ಡಿಗೂ ನಡುವೆ ಕಬ್ಬಿಣದ ಕಿರಿದಾದ ಮೆಟ್ಟಿಲು. ಪಂಪು ತಯಾರಿಸುವ ಒಂದು ದೊಡ್ಡ ಕಂಪನಿಗೆ ನಾವು ಪಂಪಿನೊಳಗೆ ಕೂರುವ ಬುಶ್ಶು, ಪಿನ್ನಿನಂಥ ಸಣ್ಣ ಸಾಮಾನು ಮಾಡಿಕೊಡುತ್ತಿದ್ದೆವು. ಡ್ರಾಯಿಂಗ್ ಅವರದು, ಕಬ್ಬಿಣ ಅವರದು, ಬೆವರು ಮಾತ್ರ ನಮ್ಮದು. ಇದಕ್ಕೆ ಜಾಬ್ ವರ್ಕ್ ಅನ್ನುತ್ತಾರೆ. ಕಂಪನಿ ಕೊಟ್ಟರೆ ಊಟ, ಕೊಡದಿದ್ದರೆ ಏಕಾದಶಿ.

ಲೇತು ನನ್ನ ಯಜಮಾನರದು. ರೇಟು, ಬಿಲ್ಲು, ಮಾಲಿನ ಡೆಲಿವರಿ, ಇವು ಮದುವೆಯಾದ ವರ್ಷದಿಂದಲೂ ನನ್ನವು. ಪಿಯುಸಿಯಲ್ಲಿ ಕಾಮರ್ಸ್ ಓದಿದ್ದು ಅಷ್ಟಾದರೂ ಉಪಯೋಗಕ್ಕೆ ಬಂತು. ರೇಟು ಹಾಕುವವಳು ನಾನು, ಅದನ್ನು ಕಸ್ಟಮರ್‌ಗೆ ಹೇಳುವವರು ಅವರು. ಅವರ ಬಾಯಲ್ಲಿ ಇಲ್ಲ ಅನ್ನುವ ಶಬ್ದವೇ ಇರಲಿಲ್ಲ. ಯಾರು ಏನೇ ಕೇಳಲಿ, "ಮಾಡೋಣ ಸಾರ್, ಆಗುತ್ತೆ ಸಾರ್." ಒಪ್ಪಿಕೊಂಡು ಬಂದು ಊಟ ನಿದ್ದೆ ಬಿಟ್ಟು ಮಷೀನಿನ ಮುಂದೆ ನಿಲ್ಲುವುದು. "ಅನ್ನ ಕೊಡೋರಿಗೆ ಇಲ್ಲ ಅನ್ಬಾರ್ದು ಕಣೇ" ಅನ್ನುತ್ತಿದ್ದರು. ಈ ವಿಷಯಕ್ಕೆ ಜಗಳ ಆಡಿ ಆಡಿ ನನ್ನ ಗಂಟಲೇ ಸವೆದುಹೋಗಿತ್ತು.

ಅಂಥ ಮನುಷ್ಯ ಒಂದು ದಿನ ಬೆಳಗ್ಗೆ ಗಡ್ಡ ಹೆರೆದುಕೊಳ್ಳುತ್ತ ನಿಂತಲ್ಲೇ ಕುಸಿದರು. ಬಲಗೈ ಹೋಯಿತು, ಬಲಗಾಲು ಅರ್ಧ ಹೋಯಿತು, ಮಾತು ಕಲಸಿದ ಮುದ್ದೆಯ ಹಾಗಾಯಿತು. ಅವರ ತಾಯಿಗೆ ಮತ್ತು ನನಗೆ ಬಿಟ್ಟರೆ ಬೇರೆಯವರಿಗೆ ಒಂದಕ್ಷರ ಅರ್ಥವಾಗುತ್ತಿರಲಿಲ್ಲ.

ಆಸ್ಪತ್ರೆಯ ಕಾರಿಡಾರಿನಲ್ಲಿ ನಿಂತಿದ್ದಾಗಲೇ ಪಂಪ್ ಕಂಪನಿಯ ಪರ್ಚೇಸ್ ಆಫೀಸರ್ ಫೋನು ಬಂತು. "ಸಾರ್ ಎಲ್ಲಮ್ಮಾ?" ನನ್ನ ಬಾಯಿಂದ ತಾನಾಗಿಯೇ ಹೊರಟಿತು: "ಸಾರ್ ಆಚೆ ಹೋಗಿದಾರೆ ಸಾರ್. ಕೇಳಿ ಹೇಳ್ತೀನಿ."

ಯಾಕೆ ಹಾಗಂದೆ ಅಂತ ಹೊರಗಿನವರಿಗೆ ಅರ್ಥವಾಗುವುದಿಲ್ಲ. ನಮ್ಮ ಹಿಂದಿನ ರಸ್ತೆಯಲ್ಲಿ ಒಬ್ಬ ಶೆಡ್ಡಿನವರಿಗೆ ಕಿಡ್ನಿ ತೊಂದರೆ ಅಂತ ಸುದ್ದಿಯಾದ ವಾರವೇ ಅವರ ಕಸ್ಟಮರ್ ನೋಡಲು ಬಂದಿದ್ದರು. ಸೇಬು, ಮೂಸಂಬಿ ಎಲ್ಲ ತಂದಿದ್ದರು. ಪಕ್ಕದಲ್ಲಿ ಕೂತು ಕೈ ಹಿಡಿದು ಧೈರ್ಯ ಹೇಳಿದರು. ಹೋಗುವಾಗ ಡ್ರಾಯಿಂಗ್‌ಗಳನ್ನು ಎತ್ತಿಕೊಂಡು ಹೋಗಿ ಬೇರೆ ಶೆಡ್ಡಿಗೆ ಕೊಟ್ಟರು. ಅವರನ್ನು ಬೈಯುವ ಹಾಗೂ ಇಲ್ಲ, ಅವರಿಗೆ ಬೇಕಾದದ್ದು ಬುಶ್ಶು. ಇದನ್ನೆಲ್ಲ ಕಣ್ಣಾರೆ ಕಂಡಿದ್ದ ನಮ್ಮ ಯಜಮಾನರು ಆಸ್ಪತ್ರೆಯಿಂದ ಮನೆಗೆ ಬಂದ ದಿನವೇ ಎಡಗೈಯಲ್ಲಿ ಕಿಟಕಿ ತೋರಿಸಿದರು. ಮುಚ್ಚು ಅಂತ. ಬಹಳ ಕಷ್ಟಪಟ್ಟು "ಯಾರ್ಗೂ... ಬೇಡ" ಅಂದರು. ಮುಚ್ಚಿದೆ.

ಸುಳ್ಳು ಹೇಳುವುದೂ ಒಂದು ಕಸುಬು, ಕೂತು ಕಲಿತರೆ ಬರುತ್ತದೆ. ಫೋನಿನಲ್ಲಿ ಯಾರಾದರೂ ರೇಟು ಕೇಳಿದರೆ ಉತ್ತರ ನನ್ನ ನಾಲಿಗೆ ತುದಿಯಲ್ಲೇ ಇರುತ್ತಿತ್ತು. ಹೇಳುವ ಹಾಗಿಲ್ಲ. "ಸಾರ್‌ನ ಕೇಳಿ ಹೇಳ್ತೀನಿ" ಅಂತ ಫೋನಿಟ್ಟು ಮೇಲೆ ಹೋಗಿ, ಒಂದು ಲೋಟ ನೀರು ಕುಡಿದು, ಕುಕ್ಕರ್ ಇಟ್ಟಿದ್ದರೆ ಇಳಿಸಿ, ವಾಪಸು ಬಂದು ಫೋನು ಮಾಡಿ, "ಸಾರ್ ಇಷ್ಟು ಅಂದ್ರು" ಅನ್ನಬೇಕು. ಬೇಗ ಹೇಳಿದರೆ ನಂಬುವುದಿಲ್ಲ. ನನ್ನ ಗಂಡನನ್ನು ನಾನು ಕಳಿಸದ ಜಾಗವಿರಲಿಲ್ಲ. ಜಾಲಹಳ್ಳಿಗೆ ಕಳಿಸಿದೆ, ಬ್ಯಾಂಕಿಗೆ ಕಳಿಸಿದೆ, ಇಲ್ಲದ ಎಷ್ಟೋ ಬಂಧುಗಳ ಮದುವೆಗೆ ಕಳಿಸಿದೆ, ತಿರುಪತಿಗಂತೂ ಲೆಕ್ಕವಿಲ್ಲದಷ್ಟು ಸಲ ಕಳಿಸಿದೆ. "ಏನಮ್ಮಾ, ನಿಮ್ಮ ಸಾರ್ ಏನು ಎಮ್ಮೆಲ್ಲೆನಾ, ಕೈಗೇ ಸಿಗಲ್ವಲ್ಲ!" ಅಂತ ಪರ್ಚೇಸ್ ಆಫೀಸರ್ ನಗುತ್ತಿದ್ದರು. ನಾನೂ ನಗುತ್ತಿದ್ದೆ.

ಕಂಪನಿಯವರು ಯಾರಾದರೂ ಶೆಡ್ಡಿಗೇ ಬಂದರೆ ಮೇಲೆ ಮನೆಯಲ್ಲಿ ಉಸಿರಾಡುವ ಹಾಗಿರಲಿಲ್ಲ. ಯಜಮಾನರ ಹತ್ತಿರ ಒಂದು ಊರುಗೋಲಿತ್ತು. ಲೇತಿನ ಸದ್ದು ಹೆಚ್ಚುಕಮ್ಮಿಯಾದರೆ ಅದರಿಂದ ನೆಲ ಕುಟ್ಟಿ ಕೆಳಗೆ ಮಷೀನು ನಡೆಸುವ ಇಬ್ಬರು ಆಪರೇಟರ್‌ಗಳಿಗೆ ಎಚ್ಚರಿಕೆ ಕೊಡುತ್ತಿದ್ದರು. ಜನ ಬಂದಾಗ ನಮ್ಮತ್ತೆ ಮೊದಲು ಆ ಕೋಲು ಕಿತ್ತುಕೊಂಡು, ಟೀವಿ ಆರಿಸಿ, ಮಗನ ಪಕ್ಕ ಟವೆಲ್ ಹಿಡಿದು ಕೂರುತ್ತಿದ್ದರು. ಕೆಮ್ಮು ಬಂದರೆ ಬಾಯಿಗೆ ಒತ್ತುವುದಕ್ಕೆ. ಅವರ ಊರು ಚಿಕ್ಕಬಾಣಾವರ, ಇಲ್ಲಿಂದ ಕೂಗಿದರೆ ಕೇಳುವಷ್ಟು ಹತ್ತಿರ. ಅಷ್ಟು ದೂರವೂ ಹೋಗಿ ಬರಲಾಗದೆ ಅವರೂ ಮೇಲೆ ಸಿಕ್ಕಿಕೊಂಡರು.

ನನ್ನ ಪಾಡು ಕೇಳಬೇಡಿ. ಅಡಕತ್ತರಿಯ ಬಾಯಿಗೆ ಬಿದ್ದ ಅಡಕೆ. ಕೆಳಗೆ ಫೋನು ಕೂಗುತ್ತದೆ, ಮೇಲೆ ಅವರು ಕೂಗುತ್ತಾರೆ. ತಂಗಿಯ ಸೀಮಂತಕ್ಕೆ ಹೋಗಲಿಲ್ಲ, ಅವಳು ಇವತ್ತಿಗೂ ಆಡಿಕೊಳ್ಳುತ್ತಾಳೆ. ಮಲ್ಲೇಶ್ವರದ ಸಂತೆಬೀದಿ ಕನಸಿನಲ್ಲಿ ಬರುತ್ತಿತ್ತು. ಕೆಲವು ಮಧ್ಯಾಹ್ನ ಮೆಟ್ಟಿಲ ನಡುವೆ ನಿಂತುಬಿಡುತ್ತಿದ್ದೆ. ಮೇಲಕ್ಕೂ ಹೋಗಬೇಕು ಅನ್ನಿಸುತ್ತಿರಲಿಲ್ಲ, ಕೆಳಕ್ಕೂ ಇಳಿಯಬೇಕು ಅನ್ನಿಸುತ್ತಿರಲಿಲ್ಲ. ಕಬ್ಬಿಣದ ಕಂಬಿ ಹಿಡಿದು ಸುಮ್ಮನೆ ಅಳುತ್ತಿದ್ದೆ, ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ಯಾವ ಕಡೆ ಮೊದಲು ಕೂಗಿದರೆ ಆ ಕಡೆ ಓಡುತ್ತಿದ್ದೆ.

ಹೀಗೇ ನಡೆದು ಒಂದು ಯುಗಾದಿ ಕಳೆದ ಮೇಲೆ ಪಂಪ್ ಕಂಪನಿಯವರು ಅರ್ಧ ಕೆಲಸವನ್ನು ಹೊರ ರಾಜ್ಯದ ತಮ್ಮ ಹೊಸ ಫ್ಯಾಕ್ಟರಿಗೆ ಸಾಗಿಸಿದರು. ನಮ್ಮ ಒಂದು ಲೇತು ನಿಂತಿತು. ಇನ್ನರ್ಧವೂ ಹೋದರೆ ಶೆಡ್ಡಿಗೆ ಬೀಗವೇ. ಹೊಸ ಕಸ್ಟಮರ್ ಹುಡುಕಲೇಬೇಕು. ಪೀಣ್ಯದಲ್ಲಿ ಹುಡುಕುವ ಪದ್ಧತಿ ಏನು? ಓನರ್ ಸ್ಕೂಟರ್ ಹತ್ತಿ ಕಂಪನಿ ಕಂಪನಿ ಸುತ್ತಬೇಕು, ಗೇಟಿನ ಮುಂದಿನ ಟೀ ಅಂಗಡಿಯಲ್ಲಿ ನಿಂತು ಸ್ಟೋರ್ಸಿನವರ ಸ್ನೇಹ ಮಾಡಬೇಕು, ಆಯುಧಪೂಜೆಗೆ ಕರೆಯಬೇಕು, ಅವರು ಕರೆದರೆ ಹೋಗಬೇಕು. ನಾನು ಹೋದರೆ? ಎರಡು ಕಡೆ ಹೋಗಿ ನೋಡಿದೆ. "ಸಾರ್‌ನ ಕಳ್ಸಿ ಮೇಡಂ, ಮಾತಾಡೋಣ" ಅಂತ ಮರ್ಯಾದೆಯಾಗಿ ಗೇಟಿನಿಂದಲೇ ಕಳಿಸಿದರು.

ಆಗ ತಲೆಗೆ ಬಂದದ್ದು ವೆಬ್‌ಸೈಟು. ಅದಕ್ಕೆ ಸ್ಕೂಟರ್ ಬೇಡ, ಕಾಲು ಬೇಡ, ಮಾತೂ ಬೇಡ. ತಾನಾಗಿಯೇ ಊರೆಲ್ಲ ಸುತ್ತಿಕೊಂಡು ಬರುತ್ತದಂತೆ. ನಮ್ಮಂಥವರಿಗೇ ಮಾಡಿದ ಹಾಗಿದೆಯಲ್ಲ ಅನ್ನಿಸಿತು.

ಬೇಕೋ ಬೇಡವೋ ಅಂತ ತಿಂಗಳುಗಟ್ಟಲೆ ಚರ್ಚೆಯಾಯಿತು. ಪಕ್ಕದ ಶೆಡ್ಡಿನಲ್ಲಿ ಕಬ್ಬಿಣಕ್ಕೆ ಬಣ್ಣ ಹಾಕುವ ಪೌಡರ್ ಕೋಟಿಂಗ್‌ನವರು ಆಗಲೇ ಒಂದು ಮಾಡಿಸಿ ಕೈ ಸುಟ್ಟುಕೊಂಡಿದ್ದರು. "ಬ್ಯಾಡಾಕ್ಕಾ, ದಂಡ! ನನ್ ವೆಬ್‌ಸೈಟ್ ನೋಡಿ ಫೋನ್ ಮಾಡಿದ್ದು ಇಬ್ರೇ. ಒಬ್ಬ ಲೋನ್ ಕೊಡ್ತೀನಿ ಅಂದ, ಇನ್ನೊಬ್ಬ ಇದಕ್ಕಿಂತ ಒಳ್ಳೇ ವೆಬ್‌ಸೈಟ್ ಮಾಡ್ಕೊಡ್ತೀನಿ ಅಂದ. ಬುಶ್ಶು ಬೇಕಾದೋನು ಕಂಪ್ಯೂಟರ್‌ನಲ್ಲಿ ಯಾಕಕ್ಕಾ ಹುಡುಕ್ತಾನೆ? ಪೀಣ್ಯಕ್ ಬಂದು ಯಾವ್ದಾದ್ರೂ ಟೀ ಅಂಗ್ಡೀಲಿ ಕೇಳಿದ್ರೆ ಆಯ್ತು."

ನಮ್ಮತ್ತೆಗೆ ವೆಬ್‌ಸೈಟು ಅಂದರೇನು ಅಂತ ತಿಳಿಸುವಷ್ಟರಲ್ಲಿ ನಾನು ಹೈರಾಣಾದೆ. ಕೊನೆಗೆ, ಕಂಪ್ಯೂಟರಿನೊಳಗೆ ಹಾಕುವ ಬೋರ್ಡು ಅಂದೆ. "ಬಾಗ್ಲಾಗೇ ಒಂದು ಬೋರ್ಡು ತುಕ್ಕಿಡಿದು ನೇತಾಡ್ತೈತಲ್ಲವ್ವ, ಮೊದ್ಲು ಅದಕ್ಕೆ ಬಣ್ಣ ಒಡ್ಸು" ಅಂದರು. ಯಜಮಾನರ ಉತ್ತರ ಒಂದೇ: "ಬೇಡ." ಯಾಕೆ ಅಂದರೆ, "ಬರ್ತಾರೆ" ಅಂದರು. ವೆಬ್‌ಸೈಟು ನೋಡಿದವರು ಮನೆಬಾಗಿಲಿಗೆ ಬರುತ್ತಾರೆ ಅನ್ನುವ ಭಯ. ಬರಲಿ ಅಂತಲೇ ಅಲ್ಲವೇ ಮಾಡಿಸುವುದು! ಬಂದರೆ ಗುಟ್ಟು ರಟ್ಟು, ಬರದಿದ್ದರೆ ಅನ್ನಕ್ಕೆ ಕುತ್ತು. ಅತ್ತ ದರಿ, ಇತ್ತ ಪುಲಿ. ಕೊನೆಗೆ ನಾನೇ ತೀರ್ಮಾನ ಮಾಡಿ, ಕಂಪನಿಯವರಿಗೆ ಹೇಳುವ ಹಾಗೆ ಮನೆಯಲ್ಲೂ "ಸಾರ್ ಒಪ್ಪಿದ್ರು" ಅಂದುಕೊಂಡು ಮುಂದುವರಿದೆ.

ಪೀಣ್ಯದಲ್ಲಿ ಆಗ ಬ್ಯಾಗು ನೇತುಹಾಕಿಕೊಂಡು ಶೆಡ್ಡಿಂದ ಶೆಡ್ಡಿಗೆ ವೆಬ್‌ಸೈಟು ಮಾರುತ್ತಿದ್ದ ಒಬ್ಬರಿದ್ದರು. ಬಿಳಿ ಶರ್ಟು, ಹಣೆಯ ತುಂಬ ಬೆವರು, ಬಾಯಿ ತೆರೆದರೆ ನಿಲ್ಲದ ಮಾತು. ನಮ್ಮ ಮಷೀನುಗಳ ಫೋಟೋ ತೆಗೆದರು, ಬುಶ್ಶುಗಳನ್ನು ನನ್ನ ಹಳದಿ ರೇಷ್ಮೆ ಸೀರೆಯ ಮೇಲೆ ಜೋಡಿಸಿ ಫೋಟೋ ತೆಗೆದರು. ಎಲ್ಲ ಆದ ಮೇಲೆ, "ಈಗ ಓನರ್ ಫೋಟೋ ಬೇಕು ಮೇಡಂ" ಅಂದರು.

"ಓನರ್ ಫೋಟೋ ಯಾಕೆ? ಬುಶ್ಶಿನ ಫೋಟೋ ಇದೆಯಲ್ಲ."

"ಅಯ್ಯೋ, ಅಬೌಟ್ ಅಸ್ ಪೇಜ್ ಇಲ್ದೆ ಆಗುತ್ತಾ ಮೇಡಂ! ಕಸ್ಟಮರ್ ಮೊದ್ಲು ನೋಡೋದೇ ಮುಖ. ಮುಖ ಇಲ್ದಿದ್ರೆ ಟ್ರಸ್ಟ್ ಬರಲ್ಲ." ಆಮೇಲೆ ಕ್ಯಾಮರಾ ಎತ್ತಿ ನನ್ನ ಕಡೆ ನೋಡಿದರು. "ಸಾರ್ ಇಲ್ದಿದ್ರೆ ನಿಮ್ದೇ ಹಾಕ್ಬಿಡ್ಲಾ? ಹೇಗೂ ಎಲ್ಲ ನೀವೇ ನೋಡ್ಕೊಳ್ತೀರಲ್ಲ."

ಒಂದು ಕ್ಷಣ, ದೇವರಾಣೆ, ಆಸೆಯಾಯಿತು. ಕೂದಲಿಗೆ ಕೈ ಹೋಯಿತು, ಸೆರಗು ಸರಿಮಾಡಿಕೊಂಡೆ. ಅಷ್ಟರಲ್ಲಿ ಮೇಲೆ ಎಲ್ಲೋ ಮಂಚ ಕಿರುಗುಟ್ಟಿತು. ಕೇಳಿಸಿಕೊಳ್ಳುತ್ತಿದ್ದಾರೆ ಅಂತ ಗೊತ್ತಾಯಿತು. "ಬೇಡಿ, ಸಾರ್‌ದೇ ಹಾಕಿ" ಅಂತ ಆಲ್ಬಮ್ಮಿನಿಂದ ಒಂದು ಫೋಟೋ ತೆಗೆದುಕೊಟ್ಟೆ. ಯಾವುದೋ ಆಯುಧಪೂಜೆಯದು. ಹಾರ ಹಾಕಿದ ಲೇತಿನ ಪಕ್ಕ ಯಜಮಾನರು ಹಣೆ ತುಂಬ ಕುಂಕುಮ ಇಟ್ಟುಕೊಂಡು, ಬನಿಯನ್ನಿನ ಮೇಲೆ ಟವೆಲ್ ಹೊದ್ದು ನಿಂತಿದ್ದರು.

ವೆಬ್‌ಸೈಟು ತಯಾರಾಗಿ ಬಂದಾಗ ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಮೇಲ್ಗಡೆ ಪ್ರಪಂಚದ ನಕ್ಷೆ. ಅದರ ಮುಂದೆ ಇಬ್ಬರು ಬಿಳಿಯರು ಕೈ ಕುಲುಕುತ್ತಿದ್ದಾರೆ, ಅವರ ಜನ್ಮದಲ್ಲಿ ಪೀಣ್ಯ ನೋಡಿರಲಿಕ್ಕಿಲ್ಲ. ಕೆಳಗೆ ನಮ್ಮ ಯಜಮಾನರು. ಕುಂಕುಮ ಅಳಿಸಿದ್ದಾರೆ, ಲೇತು ಅಳಿಸಿದ್ದಾರೆ, ಬನಿಯನ್ನು ಟವೆಲ್ಲು ಮಾಯ. ಕುತ್ತಿಗೆಯಿಂದ ಕೆಳಗೆ ನೀಲಿ ಕೋಟು, ಕೆಂಪು ಟೈ. "ಇದ್ಯಾರ ಕೋಟ್ರೀ?" ಅಂದೆ. "ಎಲ್ಲಾ ಓನರ್‌ಗೂ ಅದೇ ಕೋಟು ಮೇಡಂ, ಸಕ್ಕತ್ತಾಗಿ ಕೂತಿದೆ ನೋಡಿ" ಅಂದರು.

ಬಿಲ್ಲು ಹಾಕುವ ಹಳೇ ಕಂಪ್ಯೂಟರನ್ನು ಮೇಲಕ್ಕೆ ಹೊತ್ತುಕೊಂಡು ಹೋಗಿ ಯಜಮಾನರಿಗೆ ತೋರಿಸಿದೆ. ಇಂಟರ್ನೆಟ್ ಡಾಂಗಲ್‌ಗೆ ಸಿಗ್ನಲ್ ಸಿಗದೆ ಮುಚ್ಚಿದ ಕಿಟಕಿಯನ್ನು ಒಂದು ಬೆರಳಷ್ಟು ತೆರೆಯಬೇಕಾಯಿತು. ಚಿತ್ರ ಮೇಲಿನಿಂದ ಕೆಳಕ್ಕೆ ನಿಧಾನವಾಗಿ ಇಳಿಯಿತು: ಮೊದಲು ಕೂದಲು, ಆಮೇಲೆ ಮುಖ, ಆಮೇಲೆ ಕೋಟು. ಬೈಯುತ್ತಾರೆ ಅಂದುಕೊಂಡಿದ್ದೆ. ಬೈಯಲಿಲ್ಲ. ಎಡಗೈಯಿಂದ ಪರದೆ ಮುಟ್ಟಿದರು. ಬಾಯಿಯ ಒಂದು ಬದಿ ಮಾತ್ರ ನಗುತ್ತಿತ್ತು, ಆದರೆ ಅದು ಪೂರ್ತಿ ನಗುವೇ. ಅವತ್ತಿನಿಂದ ದಿನಾ ಸಂಜೆ ಕಂಪ್ಯೂಟರ್ ಹಾಕಿಸಿಕೊಂಡು ಆ ಕೋಟಿನ ಮನುಷ್ಯನನ್ನು ನೋಡುತ್ತ ಕೂರುತ್ತಿದ್ದರು. ಬೇಡ ಅಂದಿದ್ದವರಿಗೇ ಅದು ದೇವರ ಪಟವಾಯಿತು. ಮುಂದೆ ಎಂದಾದರೂ ಧೈರ್ಯ ಬಂದರೆ ಆ ಪುಟದಲ್ಲಿ ನನ್ನ ಹೆಸರು ಹಾಕಿಸೋಣ ಅಂದುಕೊಂಡಿದ್ದೆ. ಅವರ ಆ ಮುಖ ನೋಡಿದ ಮೇಲೆ ಆ ಆಸೆಗೂ ಎಳ್ಳುನೀರು ಬಿಟ್ಟೆ.

ಪಕ್ಕದ ಶೆಡ್ಡಿನವರು ಹೇಳಿದ ಹಾಗೇ ಲೋನಿನವರು ಫೋನು ಮಾಡಿದರು, ವೆಬ್‌ಸೈಟಿನವರು ಫೋನು ಮಾಡಿದರು. ಮಳೆಗಾಲ ಕಳೆಯಿತು. ಇನ್ನು ಇದರ ಕಥೆ ಇಷ್ಟೇ ಅಂದುಕೊಂಡಿದ್ದಾಗ ಎಲೆಕ್ಟ್ರಾನಿಕ್ ಸಿಟಿಯ ಕಡೆಯ ಒಂದು ಕಂಪನಿಯ ಮ್ಯಾನೇಜರ್ ಫೋನು ಮಾಡಿ ಬುಶ್ಶಿನ ಅಳತೆಗಳನ್ನು ಕೇಳಿದರು. ನಿಜವಾದ ಕೆಲಸ ಇದ್ದವರು ಕೇಳುವ ಪ್ರಶ್ನೆಗಳು. ಎಲ್ಲ ಹೇಳಿದೆ. ಅವರು ಮೆಚ್ಚಿಕೊಂಡು ಕೊನೆಗೆ ಅಂದದ್ದು, "ಸರಿ, ಸಾರ್‌ಗೆ ಕೊಡಿ."

ಆಚೆ ಹೋಗಿದ್ದಾರೆ ಅಂದೆ. ಮತ್ತೆ ಮಾಡಿದರು. ಬ್ಯಾಂಕಿಗೆ ಹೋಗಿದ್ದಾರೆ ಅಂದೆ. ಮತ್ತೆ ಮಾಡಿದರು. ತಿರುಪತಿಗೆ ಹೋಗಿದ್ದಾರೆ ಅಂದೆ.

"ಮೇಡಂ, ವೆಬ್‌ಸೈಟಲ್ಲಿ ಫೋಟೋ ನೋಡಿದೀನಿ, ಮನುಷ್ಯ ಸಿಗೋದೇ ಇಲ್ವಲ್ಲ!" ಅಂದರು. "ಶನಿವಾರ ನಾನೇ ಬರ್ತೀನಿ. ಯಾರಿಗೆ ಕೆಲಸ ಕೊಡ್ತಿದೀನಿ ಅಂತ ಒಂದ್ಸಲ ಮುಖ ನೋಡ್ಬೇಕಲ್ವಾ?"

ಬೇಡ ಅಂದರೆ ಕೆಲಸವೇ ಹೋಗುತ್ತದೆ. ಹತ್ತಿರದ ಸಂಬಂಧಿಕರ ತಿಥಿ ಅಂದುಬಿಟ್ಟರೆ ಯಾರೂ ಹೆಚ್ಚು ಕೆದಕುವುದಿಲ್ಲ ಅಂತ ಲೆಕ್ಕ ಹಾಕಿಕೊಂಡೆ. ಮೇಲೆ ಹೋಗಿ, "ಶನಿವಾರ ಒಬ್ರು ಬರ್ತಿದಾರೆ, ಒಂಚೂರು ಸದ್ದಿಲ್ಲದೆ ಇದ್ಬಿಡಿ" ಅಂತ ಯಜಮಾನರಿಗೆ ಹೇಳಿದೆ. ಅವರು ನನ್ನನ್ನು ನೋಡಿದರು, ತಲೆ ಆಡಿಸಲಿಲ್ಲ. ನಾನು ಅವಸರದಲ್ಲಿದ್ದೆ, ಇಳಿದುಬಂದೆ.

ಶನಿವಾರ ಮ್ಯಾನೇಜರ್ ಬಂದರು. ಎಲೆಕ್ಟ್ರಾನಿಕ್ ಸಿಟಿಯಿಂದ ಪೀಣ್ಯಕ್ಕೆ ಬರುವುದೆಂದರೆ ಪರಸ್ಥಳಕ್ಕೆ ಹೋಗಿಬಂದ ಹಾಗೆ, ಪಾಪ ಸುಸ್ತಾಗಿದ್ದರು. ಒಳ್ಳೆಯ ಮನುಷ್ಯ, ಅದನ್ನು ಹೇಳಲೇಬೇಕು. ಶೆಡ್ಡು ತೋರಿಸಿದೆ, ಕೆಲಸ ತೋರಿಸಿದೆ. ಎರಡೂ ಲೇತು ತಮಗೇ ಬೇಕು ಅಂದರು. ಒಂದು ಲೇತು ಕೊಡಬಲ್ಲೆ, ಎರಡು ಆಗಲ್ಲ, ತಿಂಗಳ ಕೊನೆಗೆ ಮೊದಲ ಲಾಟಿನ ಮಾಲು ಆಗಲ್ಲ, ಅದರ ಮುಂದಿನ ತಿಂಗಳು ಕೊಡ್ತೀನಿ ಅಂತ ನಿಧಾನವಾಗಿ ವಿವರಿಸಿದೆ. ಎಲ್ಲಕ್ಕೂ ಹೂಂ ಹೂಂ ಅಂದರು. ಅಂದು, ಕಾಫಿ ಲೋಟ ಹಿಡಿದು ಆರಾಮಾಗಿ ಕೂತು, "ಫೈನಲ್ ಮಾತು ಸಾರ್ ಹತ್ರಾನೇ ಆಡೋಣ. ಎಷ್ಟೊತ್ತಾದ್ರೂ ಕಾಯ್ತೀನಿ, ಪರ್ವಾಗಿಲ್ಲ" ಅಂದರು.

ಸಂಬಂಧಿಕರ ತಿಥಿಗೆ ಹೋಗಿದ್ದಾರೆ, ಊಟ ಮುಗಿಯುವಾಗ ಸಂಜೆಯಾಗಬಹುದು ಸಾರ್ ಅಂದೆ. ಆಗಲಿ ಅಂದರು. ಇನ್ನು ಯಾವ ಊರಿಗೆ ಕಳಿಸಲಿ ನನ್ನ ಗಂಡನನ್ನು? ಊರುಗಳೇ ಮುಗಿದುಹೋಗಿದ್ದವು.

ಆಗ ಮೆಟ್ಟಿಲ ಮೇಲೆ ಸದ್ದಾಯಿತು. ಟಕ್ ಅಂತ ಒಂದು, ಬಹಳ ಹೊತ್ತು ಬಿಟ್ಟು ಇನ್ನೊಂದು. ಮನೆಯಲ್ಲಿ ಬೂಟು ಹಾಕುವವರು ಯಾರೂ ಇಲ್ಲ. ತಿರುಗಿ ನೋಡಿದರೆ ನಮ್ಮತ್ತೆ ಹಿಮ್ಮುಖವಾಗಿ ಇಳಿದು ಬರುತ್ತಿದ್ದಾರೆ, ಎರಡೂ ಕೈಯನ್ನು ಮಗುವಿಗೆ ಚಾಚಿದ ಹಾಗೆ ಮೇಲಕ್ಕೆ ಚಾಚಿಕೊಂಡು. ಅವರೆದುರು ಯಜಮಾನರು. ಇಸ್ತ್ರಿ ಮಾಡಿದ ಬಿಳಿ ಶರ್ಟು, ಎಣ್ಣೆ ಹಚ್ಚಿ ಬಾಚಿದ ತಲೆ, ಕಾಯಿಲೆ ಬಿದ್ದ ಮೇಲೆ ಒಮ್ಮೆಯೂ ಹಾಕದ ಬೂಟು. ಮೈಭಾರವೆಲ್ಲ ಕಂಬಿ ಹಿಡಿದ ಎಡಗೈಯ ಮೇಲೆ. ಆಪರೇಟರ್‌ಗಳಿಬ್ಬರೂ ಮಷೀನು ಆರಿಸಿ ನಿಂತರು. ನನ್ನ ಕಾಲ ಕೆಳಗಿನ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

"ಓ, ಸಾರ್! ಇಲ್ಲೇ ಇದ್ರಾ?" ಅಂತ ಮ್ಯಾನೇಜರ್ ಎದ್ದು ನಿಂತರು. ನನ್ನ ಕಡೆ ಒಂದು ನೋಟ ನೋಡಿದರು.

ಯಜಮಾನರು ನನ್ನ ಕುರ್ಚಿಯಲ್ಲಿ ಕೂತರು. ಸತ್ತ ಬಲಗೈಯನ್ನು ತೊಡೆಯ ಮೇಲಿಟ್ಟು ಎಡಗೈಯಿಂದ ಮುಚ್ಚಿಕೊಂಡರು. ಬಾಯಿ ಮುಚ್ಚಿದ್ದಾಗ, ಕೂತಿದ್ದಾಗ, ಸ್ವಲ್ಪ ಬಳಲಿದ ದೊಡ್ಡ ಮನುಷ್ಯರ ಹಾಗೆಯೇ ಕಾಣುತ್ತಿದ್ದರು. ಇದನ್ನೆಲ್ಲ ಮೇಲೆ ಎಷ್ಟು ಸಲ ಅಭ್ಯಾಸ ಮಾಡಿದ್ದರೋ.

ಮ್ಯಾನೇಜರ್ ತಮ್ಮ ಕುರ್ಚಿಯನ್ನು ಅವರ ಕಡೆ ತಿರುಗಿಸಿಕೊಂಡರು. ಬೆನ್ನು ನನ್ನ ಕಡೆ ಬಂತು. "ಸಾರ್, ನೇರ ವಿಷಯಕ್ಕೇ ಬರ್ತೀನಿ. ಎರಡೂ ಲೇತು ನಮಗೇ ಬೇಕು. ಹಳೇ ಕಸ್ಟಮರ್‌ನ ಬಿಟ್ಬಿಡಿ. ಆಗುತ್ತಾ?"

ಯಜಮಾನರು ತಲೆಯಾಡಿಸಿದರು. ಆಗುತ್ತೆ ಅಂತ.

"ಮೊದಲ್ನೇ ಲಾಟು ಈ ತಿಂಗಳ ಕೊನೇಗೆ."

ತಲೆಯಾಡಿಸಿದರು.

"ರಿಜೆಕ್ಟ್ ಆದ್ರೆ ಮೆಟೀರಿಯಲ್ ಖರ್ಚು ನಿಮ್ದೇ. ನಮ್ ಕಡೆ ಅದೇ ರೂಲ್ಸು."

ಅದಕ್ಕೂ.

ಯಜಮಾನರಿಗೆ ಅರ್ಥವಾಗಲಿಲ್ಲ ಅಂದುಕೊಳ್ಳಬೇಡಿ. ಎಲ್ಲ ಅರ್ಥವಾಗಿತ್ತು. ಹಳೇ ಕಸ್ಟಮರ್ ಬಿಟ್ಟು ನಾಳೆ ಇವರೂ ಕೈಬಿಟ್ಟರೆ ಬೀದಿಯೇ ಗತಿ. ತಿಂಗಳ ಕೊನೆಗೆ ಆ ಲಾಟು ಮುಗಿಸಲು ದೇವರೇ ಇಳಿದು ಬಂದು ಲೇತು ಹಿಡಿದರೂ ಆಗುವುದಿಲ್ಲ. ಇಷ್ಟೂ ಅವರಿಗೆ ಗೊತ್ತು. ಆದರೆ ಎದುರಿಗೆ ಕಸ್ಟಮರ್ ಕೂತಿದ್ದಾರೆ, ಸಾರ್ ಅಂತ ಕರೆಯುತ್ತಿದ್ದಾರೆ. ಅವರ ಮುಖ ಹೊಳೆಯುತ್ತಿತ್ತು. ಅಂಥ ಬೆಳಕು ಆ ಮುಖದಲ್ಲಿ ನೋಡಿ ಎಷ್ಟು ಕಾಲವಾಗಿತ್ತೋ. ನಾನು ಸುಮ್ಮನಿದ್ದರೆ ಅವರು ಸಾರ್ ಆಗಿ ಉಳಿಯುತ್ತಾರೆ, ಶೆಡ್ಡು ಉಳಿಯುವುದಿಲ್ಲ. ಬಾಯಿಗೆ ಬಿದ್ದ ಬಿಸಿತುಪ್ಪ, ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ.

"ಆಗಲ್ಲ ಸಾರ್" ಅಂದೆ. ಮಷೀನು ನಿಂತಿದ್ದರಿಂದ ನನ್ನ ದನಿ ನನಗೇ ಕಿರುಚಿದ ಹಾಗೆ ಕೇಳಿಸಿತು.

ಮ್ಯಾನೇಜರ್ ತಿರುಗಲಿಲ್ಲ. "ಸಾರ್ ಒಪ್ಪಿದಾರಲ್ಲ ಮೇಡಂ."

"ಅವ್ರು ಒಪ್ಪಿದ್ರೆ ಆಗಲ್ಲ. ನಾನು ಒಪ್ಬೇಕು. ರೇಟು ಹಾಕೋದು ನಾನು, ಕೆಲಸ ಮಾಡ್ಸೋದು ನಾನು, ಡೆಲಿವರಿ ಕೊಡೋದು ನಾನು. ಫೋನಲ್ಲಿ ಸಾರ್ ಹೇಳಿದ್ರು ಅಂತ ಹೇಳಿದ್ದೂ ನಾನೇ. ಅವರಿಗೆ ಹುಷಾರಿಲ್ಲ ಸಾರ್. ಸ್ಟ್ರೋಕ್ ಆಗಿದೆ. ಮಾತು ಬರಲ್ಲ, ಕೈ ಬರಲ್ಲ. ಅವರು ಕೊಟ್ಟ ಮಾತು ನಾನು ನಡೆಸಕ್ಕಾಗಲ್ಲ."

ಯಜಮಾನರ ಎದುರಿಗೇ ಹೇಳಿದೆ.

"ಹೌದಾ ಸಾರ್?" ಅಂತ ಮ್ಯಾನೇಜರ್ ಮೆತ್ತಗೆ ಕೇಳಿದರು. ಯಜಮಾನರು ಬಾಯಿ ತೆರೆದರು. ಏನೋ ಹೇಳಲು ಬಹಳ ಒದ್ದಾಡಿದರು. ಬಂದ ಸದ್ದು ಕೇಳಿ ಮ್ಯಾನೇಜರ್ ಕಣ್ಣು ತಗ್ಗಿಸಿಕೊಂಡರು. ಅತ್ತೆ ಸೆರಗಿನಿಂದ ಮಗನ ಗಲ್ಲ ಒರೆಸಿದರು.

"ಮೊದ್ಲೇ ಹೇಳ್ಬೋದಿತ್ತಲ್ಲ ಮೇಡಂ."

"ಹೇಳಿದ್ರೆ ಬರ್ತಿದ್ರಾ ಸಾರ್?"

ಅವರು ಕಾಫಿ ಲೋಟ ನೋಡುತ್ತ ಕೂತರು. ಬರ್ತಿದ್ದೆ ಅಂತ ಒಂದು ಮಾತು ಅನ್ನಬಹುದಾಗಿತ್ತು; ಅನ್ನಲಿಲ್ಲ, ಅದಕ್ಕೇ ಅವರನ್ನು ಒಳ್ಳೆಯವರು ಅಂದದ್ದು. "ಯೋಚ್ನೆ ಮಾಡಿ ಫೋನ್ ಮಾಡ್ತೀನಿ" ಅಂತ ಎದ್ದರು. ಬಾಗಿಲಲ್ಲಿ ನಿಂತು ಯಜಮಾನರಿಗೆ ಕೈ ಮುಗಿದರು, ಆಮೇಲೆ ಸ್ವಲ್ಪ ತಡವಾಗಿ ನನಗೂ. ಒಂದಷ್ಟು ದಿನ ಕಳೆದ ಮೇಲೆ ಒಂದು ಲೇತಿಗಾಗುವಷ್ಟು ಕೆಲಸವನ್ನು ನನ್ನ ಹೆಸರಿಗೇ ಕಳಿಸಿದರು. ಆದರೆ ಆವತ್ತು ಅದು ಗೊತ್ತಿರಲಿಲ್ಲ. ಪೀಣ್ಯದಲ್ಲಿ ಯೋಚನೆ ಮಾಡಿ ಹೇಳ್ತೀನಿ ಅಂದರೆ ಏನು ಅಂತ ಎಲ್ಲರಿಗೂ ಗೊತ್ತು. ಕೆಲಸವೂ ಹೋಯಿತು, ಮಾನವೂ ಹೋಯಿತು ಅಂದುಕೊಂಡೆ.

ಕಾರು ಹೋಯಿತು. ಯಜಮಾನರು ತಲೆ ತಗ್ಗಿಸಿ ತಮ್ಮ ಬೂಟು ನೋಡುತ್ತಿದ್ದರು. ನನಗೆ ಅವರ ಮೇಲೆ ಕರುಣೆ ಬರಬೇಕಿತ್ತು, ಬಂದದ್ದು ಕೋಪ. "ಯಾಕ್ರೀ ಇಳಿದು ಬಂದ್ರಿ? ಯಾಕ್ ಬಂದ್ರಿ? ನಾನ್ ಹೇಗೋ ಏನೋ ಹೇಳಿ ಕಳಿಸ್ತಿದ್ನಲ್ಲ!" ಅಂತ ಕೂಗಾಡಿದೆ, ಅತ್ತೆ ಇದ್ದಾರೆ, ಆಪರೇಟರ್‌ಗಳಿದ್ದಾರೆ ಅಂತಲೂ ನೋಡಲಿಲ್ಲ.

ಇನ್ನು ಅವರಿಂದ ಆ ಮೆಟ್ಟಿಲು ಹತ್ತುವುದು ಆಗದ ಮಾತು. ಬೇರೆ ಯಾರಾದರೂ ಬರುವುದರೊಳಗೆ ಮೇಲೆ ಸೇರಿಸಬೇಕು ಅಂತ ಆಪರೇಟರ್‌ಗಳಿಗೆ ಹೇಳಿದೆ, ಕುರ್ಚಿ ಸಮೇತ ಎತ್ತಿಕೊಂಡು ಹೋಗಿ ಅಂತ. ಇಬ್ಬರೂ ಗದಗದ ಕಡೆಯವರು, ಗಟ್ಟಿ ಆಳುಗಳು. ಹಿಂದೆ ಒಬ್ಬ, ಮುಂದೆ ಒಬ್ಬ, ಹಗುರವಾಗಿ ಎತ್ತಿದರು. ಎರಡು ಹೆಜ್ಜೆ ಹೋಗಿ ನಿಂತರು.

"ಏನಾಯ್ತು?"

"ಅಕ್ಕಾರ, ಸಾಹೇಬ್ರು ಕೈ ಬಿಡವಲ್ರು" ಅಂದ ಹಿಂದಿನವನು.

ಹೋಗಿ ನೋಡಿದೆ. ಯಜಮಾನರು ಹಾದುಹೋಗುವಾಗ ಲೇತಿನ ಹಿಡಿಯನ್ನು ಎಡಗೈಯಲ್ಲಿ ಹಿಡಿದುಕೊಂಡಿದ್ದರು. ಬಿಡಿಸಲು ಹೋದೆ, ಬೆರಳು ಅಲ್ಲಾಡಲಿಲ್ಲ. "ಬಿಡ್ರೀ" ಅಂದೆ. ಅವರು ಮೆಟ್ಟಿಲ ಕಡೆ ನೋಡಿ ತಲೆ ಅಡ್ಡಡ್ಡ ಆಡಿಸಿದರು. ಮಗು ಹಟ ಮಾಡಿದ ಹಾಗೆ, ಮತ್ತೆ ಮತ್ತೆ. "ಇಲ್ಲೇ" ಅಂದರು. ಎಲ್ಲರಿಗೂ ಅರ್ಥವಾಗುವಷ್ಟು ಸ್ಪಷ್ಟವಾಗಿ.

"ಬುಡವ್ವ, ಅವನಿಲ್ಲೇ ಕುಂತ್ಕಳ್ಳಿ" ಅಂದರು ಅತ್ತೆ. ಅವರಿಗೂ ಅಳು ಬಂದಿತ್ತು. "ಇನ್ಯಾರು ನೋಡ್ಬಾರ್ದು ಅಂತ ಮ್ಯಾಲಿಕ್ತೀಯ? ನೋಡ್ಬಾರ್ದೋರು ನೋಡ್ಕಂಡೋದ್ರಲ್ಲ."

ನಾನು ಮೆಟ್ಟಿಲ ಕಡೆ ನೋಡಿದೆ. ಮೇಲೆ ಆ ಮುಚ್ಚಿದ ಕಿಟಕಿ, ಆರಿಸಿದ ಟೀವಿ, ಬಾಯಿಗೊತ್ತುವ ಟವೆಲ್ಲು. ಹಗಲೆಲ್ಲ ನೆಲದ ಕೆಳಗಿನಿಂದ ಕೇಳುವ ತಮ್ಮದೇ ಲೇತಿನ ಸದ್ದು. ಕಾಲು ಅರ್ಧ ಹೋಗಿತ್ತು, ನಿಜ. ಆದರೆ ಅವರನ್ನು ಮೇಲೆ ಕೂಡಿಹಾಕಿದ್ದು ಕಾಲಲ್ಲ. ಇಷ್ಟು ಕಾಲ ಸಿಕ್ಕಿಬಿದ್ದವಳು ನಾನೊಬ್ಬಳೇ ಅಂದುಕೊಂಡು ಮೆಟ್ಟಿಲ ಮೇಲೆ ನಿಂತು ಅಳುತ್ತಿದ್ದೆನಲ್ಲ. ನನ್ನ ಗಂಡ ಬಂದದ್ದು ಕಸ್ಟಮರ್‌ಗಾಗಿ ಅಂದುಕೊಂಡಿದ್ದೆ. ಅವರಿಗೆ ಕೆಳಗೆ ಬರಬೇಕಾಗಿತ್ತು, ಅಷ್ಟೇ.

ಆಪರೇಟರ್‌ಗಳು ಕುರ್ಚಿ ಎತ್ತಿ ಹಿಡಿದುಕೊಂಡೇ ನನ್ನ ಮುಖ ನೋಡುತ್ತಿದ್ದರು.

"ಕೆಳಗಿಡ್ರಪ್ಪಾ" ಅಂದೆ.